ಬೆನ್ನ ಹಿಂದಿನ ಚಿತ್ರಗಳು: ಹಳೆ ವಿದ್ಯಾರ್ಥಿಗಳ ಬೇಸಿಗೆ ಸಂಜೆಯೊಂದರ ಪ್ರಕರಣ ಅಧ್ಯಯನ

ಇದು ಹಳೆ ವಿದ್ಯಾರ್ಥಿಗಳ ಸಂಘವೊಂದು ನಡೆಸಿದ ಎರಡು ಬೇಸಿಗೆ ಸಂಜೆಗಳ ಕಥೆ. ಎರಡೂ ನಡೆದದ್ದು ಒಂದೇ ಕಲಾ ಗ್ಯಾಲರಿಯಲ್ಲಿ, ಒಂದು ವರ್ಷದ ಅಂತರದಲ್ಲಿ. ಎರಡಕ್ಕೂ ಬಂದವರು ಹೆಚ್ಚುಕಡಿಮೆ 120 ಜನ. ಖರ್ಚಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೊದಲ ವರ್ಷ ಊಟ ಮುಗಿಯುವ ಮೊದಲೇ ಹಾಲ್ ಅರ್ಧ ಖಾಲಿಯಾಗಿತ್ತು. ಎರಡನೇ ವರ್ಷ ಗ್ಯಾಲರಿಯವರು ದೀಪ ಆರಿಸಲು ಶುರು ಮಾಡಿದ ಮೇಲೂ ಜನ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರು. ಮೊದಲ ಸಂಜೆಗೆ ನಾನು ಅತಿಥಿಯಾಗಿ ಹೋಗಿದ್ದೆ. ಎರಡನೆಯದರ ಕಮಿಟಿಯಲ್ಲಿದ್ದೆ. ಏನು ಬದಲಾಯಿತು, ಯಾಕೆ ಬದಲಾಯಿತು ಅನ್ನುವುದನ್ನು ಇಂಥ ಸಂಘಗಳನ್ನು ನಡೆಸುವವರಿಗಾಗಿ ಬರೆದಿಡುತ್ತಿದ್ದೇನೆ. ಸಂಘದ ಹೆಸರು, ಊರು ಇಲ್ಲಿ ಮುಖ್ಯವಲ್ಲ.

ಸಂಘ ಮತ್ತು ಅದರ ಕಷ್ಟ

ಹಳೆ ವಿದ್ಯಾರ್ಥಿಗಳ ಸಂಘಗಳು ಒಂದು ಕಾಲದಲ್ಲಿ ತುರ್ತು ಅಗತ್ಯಕ್ಕೆ ಹುಟ್ಟಿಕೊಂಡವು. ಇವತ್ತಿಗೂ ನಡೆಯುತ್ತಿರುವ ಇಂಥ ಸಂಘಗಳಲ್ಲಿ ಅತಿ ಹಳೆಯದು ಅಮೆರಿಕದ ವಿಲಿಯಮ್ಸ್ ಕಾಲೇಜಿನದು. ಶುರುವಾದದ್ದು 1821ರಲ್ಲಿ. ಆ ವರ್ಷ ಕಾಲೇಜಿನ ಮುಖ್ಯಸ್ಥರೇ ಒಂದಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಆಮ್ಹರ್ಸ್ಟ್ ಎಂಬ ಬೇರೆ ಊರಿಗೆ ಹೊರಟುಹೋಗಿದ್ದರು. ಕಾಲೇಜು ಮುಚ್ಚಿಹೋಗಬಾರದು ಎಂದು ಹಳಬರು ಒಟ್ಟಾದರು. ನಮ್ಮ ಸಂಘಕ್ಕೆ ಅಂಥ ಸಂಕಟವೇನೂ ಇಲ್ಲ. ಇದ್ದ ಕಷ್ಟ ಬೇರೆ. ಪ್ರತಿ ವರ್ಷ ಅದೇ ಮುಖಗಳು. ಒಂದೊಂದು ಬ್ಯಾಚಿನವರು ತಮ್ಮ ತಮ್ಮಲ್ಲೇ ಗುಂಪು ಕಟ್ಟಿಕೊಂಡು ನಿಲ್ಲುವುದು. ಕಾಲೇಜು ಬಿಟ್ಟು ಎರಡು ಮೂರು ವರ್ಷವಾದ ಹುಡುಗ ಹುಡುಗಿಯರು ಒಂದು ಸಲ ಬಂದು, ಮತ್ತೆ ಆ ಕಡೆ ತಲೆ ಹಾಕದಿರುವುದು.

ಇದು ಸಣ್ಣ ನಷ್ಟವಲ್ಲ. ದೂರದ ಪರಿಚಯಗಳೇ ಹೊಸ ಕೆಲಸದ, ಹೊಸ ಅವಕಾಶದ ಸುದ್ದಿ ತರುತ್ತವೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅಲ್ವಾ? 2011ರಲ್ಲಿ ಡೇನಿಯಲ್ ಲೆವಿನ್, ಜಾರ್ಜ್ ವಾಲ್ಟರ್, ಕೀತ್ ಮರ್ನಿಗನ್ ಸೇರಿ ಇನ್ನೊಂದು ವಿಷಯ ತೋರಿಸಿದರು. ವರ್ಷಗಟ್ಟಲೆ ಮಾತೇ ಆಡದ ಹಳೆ ಪರಿಚಯದವರನ್ನು ಮತ್ತೆ ಮಾತಾಡಿಸಿ ಸಲಹೆ ಕೇಳಿದರೆ, ಈಗಿನ ಒಡನಾಡಿಗಳು ಕೊಡದ ಹೊಸ ಮಾತು ಅವರಿಂದ ಸಿಗುತ್ತದೆ. ನಂಬಿಕೆ ಹಳೆಯದು, ಅನುಭವ ಹೊಸದು. ಹಳೆ ವಿದ್ಯಾರ್ಥಿಗಳ ಸಂಘ ಎಂದರೆ ಇಂಥ ನಿಂತುಹೋದ ಪರಿಚಯಗಳದೇ ದೊಡ್ಡ ರಾಶಿ. ಅದು ವರ್ಷಕ್ಕೊಮ್ಮೆ ಒಂದೇ ಸೂರಿನಡಿ ಸೇರುತ್ತದೆ. ಆ ಒಂದು ಸಂಜೆ ಸುಮ್ನೆ ಕಳೆದುಹೋದರೆ ಮತ್ತೆ ಒಂದು ವರ್ಷ ಕಾಯಬೇಕು. ನನಗೆ ಈ ವಿಷಯ ಇಷ್ಟು ಮುಖ್ಯ ಅನಿಸುವುದು ಇದೇ ಕಾರಣಕ್ಕೆ.

ಮೊದಲ ಸಂಜೆ

ಅದಕ್ಕೂ ಮುಂಚೆ ಈ ಕೂಟ ಹೋಟೆಲ್ ಹಾಲ್‌ಗಳಲ್ಲಿ ನಡೆಯುತ್ತಿತ್ತು. ಗ್ಯಾಲರಿಗೆ ಬದಲಾಯಿಸಿದ್ದು ಒಳ್ಳೆಯ ಯೋಚನೆ. ಜಾಗವೂ ಚೆನ್ನಾಗಿತ್ತು. ಒಂದು ದೊಡ್ಡ ಹಾಲ್, ಅದಕ್ಕೆ ಅಂಟಿಕೊಂಡ ಮೂರು ಸಣ್ಣ ಕೋಣೆಗಳು, ಹಿಂದೆ ಮರದ ನೆರಳಿನ ಒಂದು ಅಂಗಳ. ದೊಡ್ಡ ಹಾಲ್‌ನಲ್ಲಿ ಎಣ್ಣೆಬಣ್ಣದ ಚಿತ್ರಗಳು. ಒಂದು ಕೋಣೆಯಲ್ಲಿ ಜಲವರ್ಣ, ಇನ್ನೊಂದರಲ್ಲಿ ಕಪ್ಪುಬಿಳುಪು ಫೋಟೋ, ಮೂರನೆಯದರಲ್ಲಿ ಕಲ್ಲು ಮತ್ತು ಲೋಹದ ಸಣ್ಣ ಶಿಲ್ಪಗಳು.

ಆವತ್ತಿನ ವ್ಯವಸ್ಥೆ ಮಾತ್ರ ಹೋಟೆಲ್ ಹಾಲ್‌ನದೇ. ದೊಡ್ಡ ಹಾಲ್‌ನ ನಡುವೆ ತಿಂಡಿ, ಪಾನೀಯದ ಮೇಜು. ಒಂದು ತುದಿಯಲ್ಲಿ ಮೈಕ್. ಮೂಲೆಯ ಸ್ಪೀಕರ್‌ನಲ್ಲಿ ಸಂಗೀತ. ಸ್ವಾಗತ, ವರ್ಷದ ವರದಿ, ಸನ್ಮಾನ, ವಂದನಾರ್ಪಣೆ ಸೇರಿ ಒಂದು ಗಂಟೆಯ ಹತ್ತಿರ ಹೋಯಿತು. ಅಷ್ಟೂ ಹೊತ್ತು ಜನ ನಿಂತೇ ಇದ್ದರು. ಆಮೇಲೆ ಎಲ್ಲರೂ ಮೇಜಿನ ಸುತ್ತ ಸೇರಿಕೊಂಡರು. ಚಿತ್ರಗಳು ಎಲ್ಲರ ಬೆನ್ನ ಹಿಂದೆ ಉಳಿದವು. ಸಣ್ಣ ಕೋಣೆಗಳಲ್ಲಿ ದೀಪ ಉರಿಯುತ್ತಿತ್ತು, ಒಳಗೆ ಒಂದು ನರಪಿಳ್ಳೆ ಇರಲಿಲ್ಲ.

ಈಚೆಗಷ್ಟೇ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಬಾಗಿಲ ಹತ್ತಿರದ ಚಿತ್ರದ ಕೆಳಗಿನ ಚೀಟಿಯನ್ನು ಮತ್ತೆ ಮತ್ತೆ ಓದುತ್ತಾ ನಿಂತಿದ್ದಳು. ಪರಿಚಯದವರು ಯಾರೂ ಇರಲಿಲ್ಲ ಅನ್ನುವುದು ದೂರದಿಂದಲೇ ಗೊತ್ತಾಗುತ್ತಿತ್ತು. ಅವಳ ಪಕ್ಕದಲ್ಲೇ ಹಿರಿಯ ಬ್ಯಾಚಿನ ನಾಲ್ಕೈದು ಮಂದಿ ಹಾಸ್ಟೆಲ್ ದಿನಗಳ ನೆನಪಿನಲ್ಲಿ ಮುಳುಗಿದ್ದರು. ಆ ಅಂತರವನ್ನು ದಾಟಲು ಎರಡೂ ಕಡೆಯವರಿಗೆ ಒಂದು ನೆಪ ಬೇಕಿತ್ತು. ಸಿಗಲಿಲ್ಲ. ಅವಳು ಭಾಷಣ ಮುಗಿಯುವಷ್ಟರಲ್ಲಿ ಹೊರಟಿದ್ದಳು.

ಮರುದಿನ ಗ್ಯಾಲರಿಯ ಮ್ಯಾನೇಜರ್ ಒಂದು ಪತ್ರ ಕಳಿಸಿದರು. ಭಾಷೆ ಮೃದುವಾಗಿತ್ತು, ವಿಷಯ ಗಟ್ಟಿಯಾಗಿತ್ತು. ಶಿಲ್ಪ ಇಟ್ಟ ಪೀಠದ ಮೇಲೆ ಯಾರೋ ಲೋಟ ಇಟ್ಟಿದ್ದರು. ಒಂದು ದೊಡ್ಡ ಚಿತ್ರಕ್ಕೆ ಬೆನ್ನು ತಾಗಿಸುವಷ್ಟು ಹತ್ತಿರ ನಿಂತು ಗ್ರೂಪ್ ಫೋಟೋ ತೆಗೆಸಿಕೊಂಡಿದ್ದರು. ಮುಂದೆ ಬರುವುದಾದರೆ ತಿನ್ನುವುದು, ಕುಡಿಯುವುದು ಯಾವುದೂ ಚಿತ್ರಗಳಿರುವ ಕಡೆ ಬೇಡ.

ಕಮಿಟಿಯಲ್ಲಿ ನಡೆದ ಚರ್ಚೆ

ಅಧ್ಯಕ್ಷರಿಗೆ ಹೋಟೆಲ್‌ಗೇ ವಾಪಸ್ ಹೋಗುವ ಮನಸ್ಸಿತ್ತು. ಖಜಾಂಚಿಗೆ ಎಲ್ಲಾದರೂ ಸರಿ, ಬಾಡಿಗೆ ಎರಡೂ ಕಡೆ ಹತ್ತಿರ ಹತ್ತಿರ ಅಷ್ಟೇ. ಕಾರ್ಯದರ್ಶಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಚಿತ್ರ ನೋಡೋಕೆ ಯಾರೂ ಬರಲ್ಲ. ಜನ ಬರೋದು ಜನರನ್ನ ನೋಡೋಕೆ."

ಅದಕ್ಕೆ ಹಿರಿಯ ಸದಸ್ಯೆಯೊಬ್ಬರು ಕೇಳಿದರು: "ಹಾಗೆ ಬಂದವರು ಯಾರನ್ನ ನೋಡಿದ್ರು ಹೇಳಿ ಸರ್? ಆವಾಗ ಪಕ್ಕದ ಬೆಂಚಲ್ಲಿ ಕೂರ್ತಿದ್ದವರನ್ನೇ ಅಲ್ವಾ?"

ಚರ್ಚೆಯ ದಿಕ್ಕು ಬದಲಾದದ್ದು ಅಲ್ಲಿಂದ. ಕಾರ್ಯದರ್ಶಿಯ ಮಾತು ಸರಿ, ಜನ ಬರುವುದು ಜನರಿಗಾಗಿ. ಆದರೆ ಒಂದೇ ಕೋಣೆಯಲ್ಲಿ ಬಿಟ್ಟ ಮಾತ್ರಕ್ಕೆ ಜನ ಬೆರೆಯುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಅವರು ಸುಮಾರು 100 ಮಂದಿ ಉದ್ಯೋಗಸ್ಥರನ್ನು ಒಂದು ಸಂಜೆ ಕೂಟಕ್ಕೆ ಕರೆದು, ಯಾರು ಯಾರ ಜೊತೆ ಎಷ್ಟು ಹೊತ್ತು ಇದ್ದರು ಎಂದು ಎಲೆಕ್ಟ್ರಾನಿಕ್ ಬ್ಯಾಡ್ಜ್‌ಗಳಿಂದ ಅಳೆದರು. ಹೊಸಬರ ಪರಿಚಯ ಮಾಡಿಕೊಳ್ಳಬೇಕು ಎಂದು ಮೊದಲು ಬಹುತೇಕ ಎಲ್ಲರೂ ಹೇಳಿದ್ದರು. ಆಮೇಲೆ ಅರ್ಧದಷ್ಟು ಸಮಯವನ್ನು ಮುಂಚೆಯೇ ಗೊತ್ತಿದ್ದವರ ಜೊತೆ ಕಳೆದರು. ಮನಸ್ಸಿಲ್ಲದೆ ಅಲ್ಲ. ಅಪರಿಚಿತರ ಎದುರು ನಿಂತು ಮೊದಲ ವಾಕ್ಯ ಹೇಳುವುದು ಎಲ್ಲರಿಗೂ ಕಷ್ಟ.

ಆ ಮೊದಲ ವಾಕ್ಯವನ್ನು ಕೊಡುವ ವಸ್ತು ಗೋಡೆಯ ಮೇಲೇ ಇತ್ತು. ನಗರಗಳ ಬದುಕಿನ ಬಗ್ಗೆ ಬರೆದ ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕ್‌ನ ಚೌಕಗಳಲ್ಲಿ ಜನರನ್ನು ಗಮನಿಸುತ್ತಾ ಒಂದು ವಿಷಯ ಗುರುತಿಸಿದ್ದರು. ಇಬ್ಬರು ಅಪರಿಚಿತರ ನಡುವೆ ಮೂರನೆಯದೊಂದು ಬಂದರೆ, ಬೀದಿ ಕಲಾವಿದನೋ ಒಂದು ಶಿಲ್ಪವೋ, ಅವರು ಹಳೆ ಸ್ನೇಹಿತರ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಆಗ ಚೇಸ್ ಮ್ಯಾನ್‌ಹಟನ್ ಚೌಕ ಎಂದು ಕರೆಯುತ್ತಿದ್ದ ಜಾಗದಲ್ಲಿರುವ, ಫ್ರೆಂಚ್ ಕಲಾವಿದ ಜಾನ್ ದ್ಯುಬುಫೆಯ ದೊಡ್ಡ ಶಿಲ್ಪದ ಸುತ್ತ ಇದು ನಡೆಯುವುದನ್ನು ಅವರು ತೋರಿಸಿಕೊಟ್ಟರು. ನಮ್ಮ ಮೊದಲ ಸಂಜೆಯಲ್ಲಿ ಇಂಥ ಹತ್ತಾರು ನೆಪಗಳು ಸುತ್ತ ತೂಗುತ್ತಿದ್ದವು. ನಾವು ಅವನ್ನು ಅಲಂಕಾರ ಎಂದುಕೊಂಡಿದ್ದೆವು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುಳು ಇದು. ಗ್ಯಾಲರಿಯನ್ನು ಬಾಡಿಗೆಗೆ ಹಿಡಿದ ಮೇಲೆ ಚಿತ್ರಗಳಿಗೆ ಕೆಲಸ ಕೊಡಬೇಕು.

ಕಮಿಟಿ ಕೊನೆಗೆ ಅದೇ ಗ್ಯಾಲರಿಗೆ ಒಪ್ಪಿತು. ಆದರೆ ಮೂರು ಕಡೆಯಿಂದ ಸಮಸ್ಯೆ ಬಿಡಿಸಬೇಕಿತ್ತು: ಸದ್ದು, ಗ್ಯಾಲರಿಯವರ ಭಯ, ಮತ್ತು ಜನರನ್ನು ಚಿತ್ರದ ಎದುರು ನಿಲ್ಲಿಸುವುದು.

ಸದ್ದು

ಮೊದಲ ವರ್ಷ ಬಂದ ಹಿರಿಯರ ದೊಡ್ಡ ದೂರು ಇದೇ. "ಏನೂ ಕೇಳಿಸಲ್ಲ" ಎಂದು ಎಷ್ಟೋ ಜನ ಬೇಗ ಹೊರಟಿದ್ದರು. ಕಾರಣ ಹುಡುಕುತ್ತಾ ಹೋದಾಗ ಒಂದು ಚಂದದ ವಿಷಯ ಸಿಕ್ಕಿತು. ಕೋಣೆಗಳ ಪ್ರತಿಧ್ವನಿಯನ್ನು ಲೆಕ್ಕಕ್ಕೆ ತಂದ ವಿಜ್ಞಾನ ಹುಟ್ಟಿದ್ದೇ ಒಂದು ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಲ್ಲಿ. ಹಾರ್ವರ್ಡ್‌ನಲ್ಲಿ ಆಗ ಹೊಸದಾಗಿ ಕಟ್ಟಿದ್ದ ಫಾಗ್ ಆರ್ಟ್ ಮ್ಯೂಸಿಯಂನ ಉಪನ್ಯಾಸ ಸಭಾಂಗಣದಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ವ್ಯಾಲೆಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರಜ್ಞರಿಗೆ ಅದನ್ನು ಸರಿಪಡಿಸಲು ಹೇಳಿದರು. ಅಲ್ಲಿ ಒಂದು ಸದ್ದು ಆರಲು ಐದೂವರೆ ಸೆಕೆಂಡ್ ಬೇಕಾಗುತ್ತಿತ್ತು. ಸೇಬಿನ್ ಪಕ್ಕದ ಸಭಾಂಗಣದ ಕುರ್ಚಿಗಳ ಮೆತ್ತೆ ತಂದು ಹಾಸಿ, ರಾತ್ರಿ ಹೊತ್ತು ಆರ್ಗನ್ ಕೊಳವೆ ಊದಿಸಿ, ಎಷ್ಟು ಮೆತ್ತೆಗೆ ಎಷ್ಟು ಸದ್ದು ಇಳಿಯುತ್ತದೆ ಎಂದು ಅಳೆದರು. ಅವರು ಕಂಡುಕೊಂಡ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಅಲ್ಲಿರುವ ಸದ್ದು ಹೀರುವ ಮೈಯ ಒಟ್ಟು ಅಳತೆಯಿಂದ ಭಾಗಿಸಿದರೆ, ಸದ್ದು ಆರಲು ಬೇಕಾದ ಸೆಕೆಂಡ್ ಸಿಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. 15 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಹಾಲ್. ಗಾತ್ರ 750 ಘನ ಮೀಟರ್. ಗೋಡೆ, ನೆಲ, ಚಾವಣಿ ಎಲ್ಲ ಸೇರಿ 550 ಚದರ ಮೀಟರ್. ಎಲ್ಲವೂ ನುಣುಪು, ಗಟ್ಟಿ. ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ 5 ಭಾಗ ಮಾತ್ರ ಹೀರುತ್ತವೆ ಎಂದುಕೊಂಡರೆ ಹೀರುವ ಅಳತೆ 27.5 ಚದರ ಮೀಟರ್. ಸೂತ್ರಕ್ಕೆ ಹಾಕಿದರೆ ಸುಮಾರು 4.4 ಸೆಕೆಂಡ್. ಜನರ ಮೈ, ಬಟ್ಟೆ ಕೂಡ ಸದ್ದು ಹೀರುತ್ತವೆ. ಒಬ್ಬೊಬ್ಬರು ಅರ್ಧ ಚದರ ಮೀಟರಿಗೆ ಸ್ವಲ್ಪ ಕಡಿಮೆ ಎಂದಿಟ್ಟುಕೊಂಡರೆ, 100 ಜನ ತುಂಬಿದಾಗ ಅದು 1.7 ಸೆಕೆಂಡಿನ ಹತ್ತಿರ ಬರುತ್ತದೆ. ಅಮೆರಿಕದಲ್ಲಿ ಸಾಮಾನ್ಯ ತರಗತಿ ಕೋಣೆಗೆ ಇಟ್ಟಿರುವ ಮಿತಿ 0.6 ಸೆಕೆಂಡ್. ಜನ ತುಂಬಿದ ಮೇಲೂ ಹಾಲ್ ಅದಕ್ಕಿಂತ ಎಷ್ಟು ದೂರ ಇದೆ ನೋಡಿ.

ಇದರ ಮೇಲೆ ಇನ್ನೊಂದು. ಸುತ್ತ ಗದ್ದಲವಿದ್ದರೆ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದನ್ನು ವಿವರಿಸಿದರು. ನಾನು ಏರಿಸಿದೆ ಎಂದು ಪಕ್ಕದವರು ಏರಿಸುತ್ತಾರೆ, ಅವರು ಏರಿಸಿದರು ಎಂದು ನಾನು ಇನ್ನಷ್ಟು ಏರಿಸುತ್ತೇನೆ. ಹಿನ್ನೆಲೆ ಸಂಗೀತ ಇದ್ದರೆ ಈ ಏರಾಟ ಮೊದಲ ನಿಮಿಷದಿಂದಲೇ ಶುರು. ವಯಸ್ಸಾದಂತೆ ಕಿವಿಗೆ ಮೊದಲು ಕೈಕೊಡುವುದು ಎತ್ತರದ ಸ್ವರಗಳು. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರುವುದೇ ಅಲ್ಲಿ. ಹಾಗಾಗಿ ಗದ್ದಲದಲ್ಲಿ ಹಿರಿಯರಿಗೆ ದನಿ ಕೇಳುತ್ತದೆ, ಪದ ಬಿಡಿಸುವುದಕ್ಕೆ ಆಗುವುದಿಲ್ಲ. ಅವರು ನಕ್ಕು ತಲೆಯಾಡಿಸಿ ಹೊರಟುಬಿಡುತ್ತಾರೆ. ಅದು ಬೇಜಾರು ಅಲ್ಲ, ದಣಿವು.

ಪರಿಹಾರಕ್ಕೆ ಜಾಸ್ತಿ ದುಡ್ಡೇನೂ ಬೇಕಾಗಲಿಲ್ಲ. ಸಂಗೀತ ತೆಗೆದೆವು. ಮೈಕನ್ನು ಅಂಗಳಕ್ಕೆ ಸಾಗಿಸಿದೆವು. ದೊಡ್ಡ ಹಾಲ್‌ನ ನಡುವೆ ದಪ್ಪ ಜಮಖಾನ ಹಾಸಿ, ಅದರ ಮೇಲೆ ಮೆತ್ತೆಯ ಬೆಂಚುಗಳನ್ನಿಟ್ಟೆವು. ಎಲ್ಲಕ್ಕಿಂತ ಮುಖ್ಯವಾಗಿ, 120 ಜನರನ್ನು ನಾಲ್ಕು ಕಡೆ ಹಂಚಿದೆವು.

ಗ್ಯಾಲರಿಯವರ ಭಯ

ಮ್ಯಾನೇಜರ್ ಜೊತೆ ಕೂತು ಮಾತಾಡಿದಾಗ ಅವರ ನಿಯಮಗಳ ಹಿಂದಿನ ಕಾರಣ ತಿಳಿಯಿತು. 2015ರಲ್ಲಿ ತೈಪೆಯ ಪ್ರದರ್ಶನವೊಂದರಲ್ಲಿ 12 ವರ್ಷದ ಹುಡುಗನೊಬ್ಬ ಕೈಯಲ್ಲಿ ಪಾನೀಯ ಹಿಡಿದು ನಡೆಯುವಾಗ ಎಡವಿ, 17ನೇ ಶತಮಾನದ್ದು ಎನ್ನಲಾದ ಚಿತ್ರಕ್ಕೆ ಕೈಯೂರಿ ತೂತು ಮಾಡಿದ. 2006ರಲ್ಲಿ ಅಮೆರಿಕದ ಉದ್ಯಮಿ ಸ್ಟೀವ್ ವಿನ್ ಅತಿಥಿಗಳಿಗೆ ತಮ್ಮದೇ ಸಂಗ್ರಹದ ಪಿಕಾಸೊ ಚಿತ್ರ ತೋರಿಸುತ್ತಾ ಮೊಣಕೈ ತಾಗಿಸಿ ಅದನ್ನು ಹರಿದರು. ಇಬ್ಬರಲ್ಲಿ ಯಾರೂ ಬೇಕೆಂದು ಮಾಡಿದ್ದಲ್ಲ. ಜನ ಮಾತಿನಲ್ಲಿ ಮೈಮರೆತಾಗ ಕೈಗಳು ಎಲ್ಲಿವೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಚಿಂತೆ ಶಾಖ. ಒಬ್ಬ ಮನುಷ್ಯ ಸುಮ್ನೆ ನಿಂತಿದ್ದರೂ ಅವನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. 120 ಜನ ಎಂದರೆ 12 ಕಿಲೋವ್ಯಾಟ್. ಹನ್ನೆರಡು ರೂಮ್ ಹೀಟರ್ ಹಚ್ಚಿಟ್ಟ ಹಾಗೆ. ಜೊತೆಗೆ ಬೆವರು, ಉಸಿರಿನ ತೇವ. ಮ್ಯೂಸಿಯಂಗಳು ಗಾಳಿಯ ತೇವವನ್ನು ಸಾಮಾನ್ಯವಾಗಿ ಶೇ 40ರಿಂದ 60ರ ನಡುವೆ ಹಿಡಿದಿಡಲು ನೋಡುತ್ತವೆ. ಅದು ಒಮ್ಮೆಲೇ ಏರಿಳಿದರೆ ಮರ, ಕ್ಯಾನ್ವಾಸ್ ಹಿಗ್ಗಿ ಕುಗ್ಗುತ್ತವೆ, ಮೇಲಿನ ಬಣ್ಣ ಬಿರುಕು ಬಿಡುತ್ತದೆ. ತಿಂಡಿಯ ಚೂರು ಬಿದ್ದರೆ ಹುಳು ಬರುತ್ತದೆ. ಅದು ಕಾಗದವನ್ನೂ ಬಿಡುವುದಿಲ್ಲ. ಇಷ್ಟು ಕೇಳಿದ ಮೇಲೆ ತಿಂಡಿ ಅಂಗಳಕ್ಕೆ ಹೋಗಲಿ ಎನ್ನುವುದರಲ್ಲಿ ಯಾರಿಗೂ ತಕರಾರು ಉಳಿಯಲಿಲ್ಲ. ಬೇಸಿಗೆ ಸಂಜೆಗೆ ಅಂಗಳವೇ ಹಿತ. ಒಂದೇ ಸಲಕ್ಕೆ ಒಳಗೆ 80ಕ್ಕಿಂತ ಹೆಚ್ಚು ಜನ ಬೇಡ ಎಂದೂ ಒಪ್ಪಿಕೊಂಡೆವು.

ಬೆಳಕಿನ ವಿಷಯದಲ್ಲಿ ಮಾತ್ರ ಒಂದು ಗಂಟು ಬಿತ್ತು. ಜಲವರ್ಣ, ಹಳೆ ಫೋಟೋಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ (ಲಕ್ಸ್ ಎಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ). ಬಣ್ಣ ಮಾಸಿದರೆ ಮತ್ತೆ ಬರುವುದಿಲ್ಲವಲ್ಲ. ಎಣ್ಣೆಬಣ್ಣಕ್ಕೆ 200 ಲಕ್ಸ್‌ವರೆಗೆ ಸರಿ. ಆದರೆ 60 ವರ್ಷದ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟು. ಹಿರಿಯರನ್ನು ಜಲವರ್ಣದ ಕೋಣೆಗೆ ಕಳಿಸಿದರೆ ಕಾಣುವುದಿಲ್ಲ. ದೊಡ್ಡ ಹಾಲ್‌ಗೆ ಕಳಿಸಿದರೆ ಕೇಳುವುದಿಲ್ಲ. ದಾರಿ ತೋರಿಸಿದವರು ಮ್ಯಾನೇಜರ್. ಕಲ್ಲು, ಲೋಹಕ್ಕೆ ಬೆಳಕಿನಿಂದ ತೊಂದರೆಯಿಲ್ಲ. ಶಿಲ್ಪದ ಕೋಣೆಯಲ್ಲಿ ದೀಪ ಎಷ್ಟು ಬೇಕಾದರೂ ಹಾಕಬಹುದು. ಕೋಣೆ ಸಣ್ಣದು, ಸದ್ದು ಕಡಿಮೆ. ಹಿರಿಯರಿರುವ ಗುಂಪುಗಳಲ್ಲಿ ಹೆಚ್ಚಿನವು ಅಲ್ಲಿಂದ ಶುರುವಾದವು. ಕುರ್ಚಿಗಳನ್ನೂ ಅಲ್ಲೇ ಜಾಸ್ತಿ ಇಟ್ಟೆವು.

ಚಿತ್ರದ ಎದುರು ನಾಲ್ಕು ಜನ

ಈಗ ಮುಖ್ಯ ಭಾಗ. ಸುಮ್ನೆ ಬಿಟ್ಟರೆ ಜನ ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಾರೆ? ಜೆಫ್ರಿ ಸ್ಮಿತ್ ಮತ್ತು ಲೀಸಾ ಸ್ಮಿತ್ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಳೆದು 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡ್. ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಅಷ್ಟರಲ್ಲಿ ಯಾವ ಮಾತೂ ಹುಟ್ಟುವುದಿಲ್ಲ. "ಚೆನ್ನಾಗಿದೆ" ಎಂದು ಮುಂದೆ ಹೋಗುತ್ತಾರೆ.

ಮಾತು ಹುಟ್ಟಿಸುವ ವಿಧಾನವೊಂದು ಮೊದಲೇ ಇತ್ತು. ಅಬಿಗೇಲ್ ಹೌಸೆನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಮ್ಯೂಸಿಯಂ ಶಿಕ್ಷಕ ಫಿಲಿಪ್ ಯೆನವೈನ್ ಸೇರಿ ರೂಪಿಸಿದ್ದು. ಕೇಳುವುದು ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಹಾಗೆ ಅನಿಸಲು ನಿಮಗೆ ಏನು ಕಾಣಿಸಿತು? ಇನ್ನೇನು ಕಾಣುತ್ತಿದೆ? ಕಲಾವಿದರ ಹೆಸರು ಗೊತ್ತಿರಬೇಕಿಲ್ಲ, ಶೈಲಿ ಗೊತ್ತಿರಬೇಕಿಲ್ಲ. ಮೂವತ್ತು ವರ್ಷದ ಹಿಂದೆ ಓದಿದ ಎಂಜಿನಿಯರೂ ಮೊನ್ನೆ ಮುಗಿಸಿದ ಹುಡುಗಿಯೂ ಅಲ್ಲಿ ಸಮ. ಸಂಘದ ಬೇರೆ ಯಾವ ಕಾರ್ಯಕ್ರಮದಲ್ಲೂ ಇದು ಸಿಗುವುದಿಲ್ಲ. ಹುದ್ದೆ, ಸಂಬಳ, ಬ್ಯಾಚ್ ಯಾವುದನ್ನೂ ಕೇಳದೆ ಮಾತು ಶುರುವಾಗುತ್ತದೆ.

ಗುಂಪಿಗೆ ನಾಲ್ಕು ಜನ ಎಂದು ನಿರ್ಧರಿಸಿದ್ದಕ್ಕೂ ಕಾರಣವಿದೆ. ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ ಮತ್ತು ಜೊತೆಗಾರರು 1995ರಲ್ಲಿ ತೋರಿಸಿದಂತೆ, ತಾವಾಗಿ ಸೇರಿದ ಮಾತಿನ ಗುಂಪು ನಾಲ್ವರನ್ನು ದಾಟಿದರೆ ಒಡೆದು ಎರಡಾಗುತ್ತದೆ. ನಾವು ಹೆಸರು ನೋಂದಾಯಿಸಿದವರ ಪಟ್ಟಿ ಹಿಡಿದು, ಒಂದೊಂದು ಗುಂಪಿಗೆ ಬೇರೆ ಬೇರೆ ದಶಕದವರನ್ನು ಹಾಕಿದೆವು. ಬ್ಯಾಡ್ಜ್ ಮೇಲೆ ಹೆಸರು ದಪ್ಪ ಅಕ್ಷರದಲ್ಲಿ. ಬ್ಯಾಚಿನ ವರ್ಷ ಹಾಕಲಿಲ್ಲ. ಆ ಜಾಗದಲ್ಲಿ ಒಂದು ಚಿತ್ರದ ನಂಬರ್. ನಿಮ್ಮ ನಂಬರಿನ ಚಿತ್ರ ಹುಡುಕಿಕೊಂಡು ಹೋಗಿ, ಅಲ್ಲಿ ಇನ್ನೂ ಮೂವರು ಸಿಗುತ್ತಾರೆ. ಕಾಲು ಗಂಟೆ ಒಂದು ಚಿತ್ರ, ಆಮೇಲೆ ಬೇರೆ ನಂಬರ್, ಬೇರೆ ಮೂವರು. ಅರ್ಧದಷ್ಟು ಜನ ಒಳಗಿದ್ದಾಗ ಉಳಿದವರು ಅಂಗಳದಲ್ಲಿ, ಆಮೇಲೆ ಅದಲುಬದಲು. ಕೋಣೆಗೊಬ್ಬರು ಸ್ವಯಂಸೇವಕರು. ಅವರಿಗೆ ಹೇಳಿದ್ದು ಒಂದೇ: ವಿವರಣೆ ಕೊಡಲು ಹೋಗಬೇಡಿ.

ಎರಡನೇ ಸಂಜೆ

ದೊಡ್ಡ ಹಾಲ್‌ನಲ್ಲಿ ಒಂದು ಹೊಳೆಯ ಚಿತ್ರವಿತ್ತು. ದಡದಲ್ಲಿ ದೋಣಿ, ದೋಣಿಯಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಗಂಡಸು. ಅವನು ಈಗ ಬಂದಿಳಿದನೋ, ಹೊರಡುತ್ತಿದ್ದಾನೋ? ಆ ನಾಲ್ವರಲ್ಲಿ ದೊಡ್ಡ ವಾದವೇ ಆಯಿತು. "ಹಗ್ಗ ನೋಡಿ, ಇನ್ನೂ ಕಟ್ಟಿಲ್ಲ" ಎಂದರು ಒಬ್ಬರು. "ಬಿಚ್ಚಿರಬಹುದಲ್ಲ ಸರ್" ಎಂದಳು ಒಬ್ಬಳು ಹುಡುಗಿ. ಹೊಸ ಊರಿಗೆ ಕೆಲಸಕ್ಕೆ ಹೋಗಿ ಅಲ್ಲಿ ಹೊಂದಿಕೊಳ್ಳಲಾಗದೆ ಒದ್ದಾಡುತ್ತಿದ್ದ ಹುಡುಗಿ ಅವಳು. ಅದು ಮಾತಿನ ನಡುವೆ ತಾನಾಗಿ ಹೊರಬಂತು. ಎದುರಿಗಿದ್ದ ಹಿರಿಯರು ಅದೇ ಊರಿನಲ್ಲಿ ಇಪ್ಪತ್ತು ವರ್ಷ ಕಳೆದವರು. ಆಮೇಲೆ ಅವರಿಬ್ಬರೂ ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಮಾತಾಡಿದರು. ನೇರವಾಗಿ "ಏನಮ್ಮ, ಕೆಲಸ ಹೇಗಿದೆ?" ಎಂದು ಕೇಳಿದ್ದರೆ "ಚೆನ್ನಾಗಿದೆ ಸರ್" ಎಂಬ ಉತ್ತರ ಬರುತ್ತಿತ್ತು.

ಜಲವರ್ಣದ ಕೋಣೆಯಲ್ಲಿ ಇನ್ನೊಂದು ನೋಡಿದೆ. ಮಂದ ಬೆಳಕಿಗೆ ಕಾಲಿಟ್ಟ ಕೂಡಲೇ ಜನ ತಾವಾಗಿ ದನಿ ತಗ್ಗಿಸುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ. ಶಿಲ್ಪದ ಕೋಣೆಯಲ್ಲಿ ಸುತ್ತ ಕುರ್ಚಿ ಎಳೆದುಕೊಂಡು ಕೂತ ಗುಂಪುಗಳು ಎರಡನೇ ಸುತ್ತಿಗೆ ಏಳಲೇ ಇಲ್ಲ. ನಾವೂ ಎಬ್ಬಿಸಲಿಲ್ಲ.

ಅಧ್ಯಕ್ಷರ ಮಾತು ಅಂಗಳದಲ್ಲಿ, ಐದು ನಿಮಿಷ. ವರದಿಯನ್ನು ಅಚ್ಚು ಹಾಕಿಸಿ ಬಾಗಿಲ ಬಳಿ ಇಟ್ಟಿದ್ದೆವು. ಬೇಕಾದವರು ತೆಗೆದುಕೊಂಡು ಹೋದರು.

ಸರಿಹೋಗದೆ ಉಳಿದದ್ದು

ಎಲ್ಲವೂ ಅಂದುಕೊಂಡ ಹಾಗೆ ನಡೆಯಲಿಲ್ಲ. ಜನ ಕೆಲಸ ಮುಗಿಸಿ ನೇರ ಬಂದಿದ್ದರು, ಹಸಿದಿದ್ದರು. ಮೊದಲು ಚಿತ್ರ, ಆಮೇಲೆ ತಿಂಡಿ ಎಂಬ ಕ್ರಮಕ್ಕೆ ಮೊದಲ ಪಾಳಿಯವರು ಒಗ್ಗಲಿಲ್ಲ. ಅಂಗಳದಿಂದ ಅವರನ್ನು ಒಳಗೆ ಕರೆತರುವಷ್ಟರಲ್ಲಿ ಸಮಯ ಹಿಂದೆ ಬಿತ್ತು. ಹಸಿವಿಗೆ ಮೊದಲು ಏನಾದರೂ ಕೊಡಲೇಬೇಕು.

ಕೆಲವು ಗುಂಪುಗಳಲ್ಲಿ ಒಬ್ಬರೇ ಮಾತಾಡಿದರು. ಸ್ವಯಂಸೇವಕರು ಮೆಲ್ಲಗೆ ಹೋಗಿ "ನಿಮಗೆ ಏನು ಕಾಣಿಸಿತು?" ಎಂದು ಸುಮ್ಮನಿದ್ದವರನ್ನು ಕೇಳಿದ ಕಡೆ ಅದು ಸುಧಾರಿಸಿತು. "ನನಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ" ಎಂದು ಹೊರಗೇ ಉಳಿದವರೂ ಇದ್ದರು. ಅವರನ್ನು ಬಲವಂತ ಮಾಡುವುದು ಸರಿಯಲ್ಲ. ಅಂಗಳದಲ್ಲಿ ಅವರಿಗಾಗಿ ಯಾರಾದರೂ ಇರಬೇಕು.

ಕಾಲೇಜು ಬಿಟ್ಟು 25 ವರ್ಷ ತುಂಬಿದ ಬ್ಯಾಚಿನವರಿಗೆ ನಾವು ಅನ್ಯಾಯ ಮಾಡಿದೆವು ಎಂದೇ ನನ್ನ ಅಭಿಪ್ರಾಯ. ಅವರಲ್ಲಿ ಕೆಲವರು ಬಹಳ ದೂರದಿಂದ ಬಂದಿದ್ದರು. ಒಬ್ಬರನ್ನೊಬ್ಬರು ನೋಡಿ ಕಣ್ಣು ತುಂಬಿಕೊಂಡವರನ್ನು ನಂಬರ್ ಹಿಡಿದು ನಾಲ್ಕು ದಿಕ್ಕಿಗೆ ಕಳಿಸುವುದು ತಪ್ಪು. ಬೆರೆಯಬೇಕು ಎಂಬ ಹಟದಲ್ಲಿ ಹಳೆ ಸ್ನೇಹಕ್ಕೆ ಜಾಗ ಇಲ್ಲದ ಹಾಗೆ ಮಾಡಬಾರದು. ಮುಂದಿನ ಸಲ ಆ ವರ್ಷದ ವಿಶೇಷ ಬ್ಯಾಚಿಗೆ ಒಂದು ಕೋಣೆ, ಮೊದಲ ಅರ್ಧ ಗಂಟೆ ಅವರದ್ದೇ.

ಗಾಲಿಕುರ್ಚಿಯಲ್ಲಿ ಬಂದಿದ್ದ ಒಬ್ಬರು ಹೇಳಿದ ಮಾತು ಕಮಿಟಿಗೆ ನೇರವಾಗಿ ನಾಟಿತು. ಚಿತ್ರಗಳ ನಡುಭಾಗ ಸಾಮಾನ್ಯವಾಗಿ ನೆಲದಿಂದ 145 ಸೆಂಟಿಮೀಟರ್ ಮೇಲೆ ಇರುತ್ತದೆ. ಅದು ನಿಂತವರ ಕಣ್ಣಿನ ಅಳತೆ. ಕೂತು ನೋಡುವವರಿಗೆ ಗಾಜಿನ ಮೇಲೆ ದೀಪದ ಹೊಳಪು ಬೀಳುತ್ತದೆ, ಎದುರಿಗೆ ನಿಂತವರ ಬೆನ್ನು ಅಡ್ಡ ಬರುತ್ತದೆ. ತೂಗುಹಾಕಿದ ಚಿತ್ರವನ್ನು ಗ್ಯಾಲರಿಯವರು ಇಳಿಸಲಾರರು. ಆದರೆ ಜಲವರ್ಣ, ಫೋಟೋಗಳಿರುವ ಎರಡೂ ಸಣ್ಣ ಕೋಣೆಗಳಲ್ಲಿ ಎಲ್ಲರೂ ಕೂತೇ ನೋಡುವ ಹಾಗೆ ಕುರ್ಚಿ ಹಾಕಿ, ಹೊಳಪು ಬೀಳುವ ದೀಪಗಳ ಕೋನ ತಿರುಗಿಸಲು ಮ್ಯಾನೇಜರ್ ಒಪ್ಪಿದ್ದಾರೆ. ಮುಂದಿನ ಬೇಸಿಗೆಗೆ ಅದೇ ಗ್ಯಾಲರಿ ಬುಕ್ ಆಗಿದೆ. ಕುರ್ಚಿಗಳ ಬಾಡಿಗೆಯನ್ನು ಖಜಾಂಚಿ ಈಗಲೇ ಬಜೆಟ್‌ಗೆ ಸೇರಿಸಿದ್ದಾರೆ, ಮತ್ತು ಎರಡು ಕೋಣೆಗಳ ದೀಪ ಪರೀಕ್ಷಿಸುವ ದಿನ ಆ ಸದಸ್ಯರನ್ನೇ ಕರೆಯುವುದು ಎಂದು ಕಮಿಟಿ ತೀರ್ಮಾನಿಸಿದೆ.